ಗದ್ದ ಎತ್ತಿಯೇ ಕೂತೆ

ಕೂದಲು ಬೇರುಸಹಿತ ತೆಗೆಯುವ ಕರೆಂಟಿನ ಸೂಜಿ ನನ್ನ ಗದ್ದಕ್ಕೆ ತಾಗುವಷ್ಟರಲ್ಲಿ ಪಾರ್ಲರಿನ ಅಕ್ಕನ ಕೈ ಹಿಡಿದುಬಿಟ್ಟೆ. ಆಗ ಮಹಾರಾಷ್ಟ್ರದ ಗಡಿಯೂರು ಜತ್ತದಲ್ಲಿ ಆ ಮಷೀನು ಇದ್ದದ್ದು ಅವರಲ್ಲಿ ಮಾತ್ರ.

"ಇದನ್ನ ಎಲ್ಲಿ ಕಲತೀರಿ, ಅಕ್ಕಾ?"

ಅವರು ಗೋಡೆಯ ಮೇಲಿನ ಸರ್ಟಿಫಿಕೇಟ್ ತೋರಿಸಿದರು. ನನ್ನನ್ನು ಕರೆತಂದಿದ್ದ, ಮರಾಠಿ ಓದಲು ಬಾರದ ಅವ್ವ ಅದರ ಕೆಂಪು ಮೊಹರು ನೋಡಿಯೇ ನಂಬಿದ್ದಳು. ಮರಾಠಿ ಶಾಲೆಯಲ್ಲಿ ಕಲಿತ ನಾನು ಎದ್ದುಹೋಗಿ ಓದಿದೆ. ಮೆಹಂದಿ ಮತ್ತು ಮದುಮಗಳ ಅಲಂಕಾರದ ತರಬೇತಿಯಂತೆ! ಸೂಜಿಯ ಮಾತೇ ಇರಲಿಲ್ಲ.

"ಹಂಗಾರ ಮೊದಲ ನಿಮ್ಮ ಗದ್ದಕ್ಕ ಚುಚ್ಚಿ ತೋರಸ್ರಿ," ಎಂದೆ. ಅವರು ಸೂಜಿ ಕೆಳಗಿಟ್ಟರು.

"ಏ ಹುಚ್ಚಿ, ನಾಳಿ ಹುಡುಗನ ಕಡಿಯವರು ನೋಡಾಕ ಬರ್ತಾರ!" ಎಂದು ಅವ್ವ ನಮ್ಮೂರು ಬೆಳುಂಕಿಯ ಬಸ್ಸು ಹತ್ತುವವರೆಗೂ ಬೈದಳು.

ನೋಡಲು ಬಂದವರೆದುರು ಹುಡುಗಿ ತಲೆ ತಗ್ಗಿಸಿ ಕೂಡಬೇಕಂತೆ. ಮರುದಿನ ನಾನು ಬಾಗಿಲ ಬೆಳಕಿಗೆ ಮುಖ ಮಾಡಿ, ಕೂದಲು ಎಲ್ಲರಿಗೂ ಕಾಣುವಂತೆ ಗದ್ದ ಎತ್ತಿಯೇ ಕೂತೆ.