ಮೂರು ಕೈಗಳಲ್ಲಿ ಒಂದೇ ಈಟಿ

ಬೈಂಡಿಂಗ್ ಮಾರಣ್ಣನವರು ಯಾವ ಪುಸ್ತಕವನ್ನೂ ಮೊದಲ ಪುಟದಿಂದ ನೋಡಿದವರಲ್ಲ. ಕೈಗೆ ಬಂದ ಕೂಡಲೇ ಬೋರಲು ಹಾಕಿ, ಬೆನ್ನು ಸವರಿ, ಹೊಲಿಗೆಯ ಸಂದಿಗೆ ಮೂಗಿಟ್ಟು ಮೂಸುತ್ತಿದ್ದರು. ಆಮೇಲೆ ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಿದ್ದರು. ಆಗ ಅವರ ಮುಖ ನೋಡಿದರೆ, ಪುಸ್ತಕ ಏನೋ ತಪ್ಪು ಮಾಡಿ ಸಿಕ್ಕಿಬಿದ್ದಿದೆ ಅನ್ನಿಸುತ್ತಿತ್ತು.

“ಪುಸ್ತಕದಾಗೆ ಬರ್ದಿದ್ದೆಲ್ಲ ನಿಜ ಅಂತಾರೆ ಮೇಡಂ. ಹೊಲಿಗೆ ಬಿಚ್ಚಿದೋನ್ನ ಕೇಳ್ಬೇಕು,” ಎನ್ನುವುದು ಅವರ ಮಾತು.

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಮಾರಣ್ಣನವರು ಹೊಸದುರ್ಗದ ಕಡೆಯ ಬಾಗೂರಿನವರು. ದುರ್ಗದ ಒಂದು ಓಣಿಯಲ್ಲಿ ಕೋಣೆ ಹಿಡಿದು, ದಬ್ಬಳ, ದಾರ, ಮೈದಾ ಅಂಟಿನ ಡಬ್ಬಿ ಇಟ್ಟುಕೊಂಡು ನಮ್ಮ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಅವರು ಅನುಮಾನಿಸದ ವಸ್ತುವಿರಲಿಲ್ಲ. ಜೋಗಿಮಟ್ಟಿ ಬೆಟ್ಟದ ಮೇಲೆ ಮೋಡ ಕಟ್ಟಿದರೆ “ಸುಮ್ನೆ ತೋರಿಸ್ತೈತೆ, ನಂಬಬ್ಯಾಡ್ರಿ” ಎನ್ನುತ್ತಿದ್ದರು. ನಾವು ಕೊಟ್ಟ ಚಹಾವನ್ನು ಎರಡು ಸಲ ಅಲುಗಾಡಿಸಿ ನೋಡಿ ಕುಡಿಯುತ್ತಿದ್ದರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಎಲ್ಲರೂ ಸೇರಿ ಫೋಟೊ ತೆಗೆಸಿಕೊಳ್ಳುವಾಗ ಕರೆದರೆ, ಬೇವಿನ ಮರದ ಆಚೆಗೆ ಸರಿದು ನಿಂತುಬಿಟ್ಟರು. “ಫೋಟೊಕ್ಕೆ ಹೆದ್ರಿಕಿಲ್ಲ ಮೇಡಂ. ಅದರ ಕೆಳಗೆ ಏನ್ ಬರೀತಾರೋ ಅಂತ,” ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಮೂರು ವರ್ಷದ ಕೆಳಗೆ ಯಾರದೋ ಮನೆಯ ಅಟ್ಟದಿಂದ ಒಂದು ಇಂಗ್ಲಿಷ್ ಪುಸ್ತಕ ನಮ್ಮ ಗ್ರಂಥಾಲಯಕ್ಕೆ ಬಂತು. ಬ್ರಿಟಿಷರ ಕಾಲದ್ದು. ಯಾರೋ ಒಬ್ಬ ಸಾಹೇಬ ಊರೂರು ತಿರುಗಿ ನಮ್ಮ ಜನರ ಫೋಟೊ ತೆಗೆದು, ಯಾವ ಜಾತಿಯ ಗುಣ ಎಂಥದು ಎಂದು ಬರೆದಿದ್ದ. ಒಟ್ಟು ಮೂವತ್ತೆರಡು ಚಿತ್ರದ ಹಾಳೆಗಳು. ಆ ವರ್ಷ ಕಾಲೇಜಿನಲ್ಲಿ ಹಳೆಯ ಫೋಟೊಗಳ ಪ್ರದರ್ಶನ ಮಾಡಬೇಕೆಂದು ಪ್ರಿನ್ಸಿಪಾಲರು ಹೊರಟಿದ್ದರು. ಪುಸ್ತಕವನ್ನು ಮಾರಣ್ಣನವರಿಗೆ ಕೊಟ್ಟೆ. ಅವರು ಹೊಲಿಗೆ ಬಿಚ್ಚಿ ಚಿತ್ರದ ಹಾಳೆಗಳನ್ನು ತಂದುಕೊಟ್ಟರು. ನಾನು ಅವನ್ನು ಸ್ಕ್ಯಾನ್ ಮಾಡಿ, ಅವರಿಗೆ ಹಿಂದಿರುಗಿಸಿ, ಆರಿಸಿದ ಚಿತ್ರಗಳ ವಿವರಣೆಯನ್ನು ಕನ್ನಡಕ್ಕೆ ಇಳಿಸತೊಡಗಿದೆ.

ಅವುಗಳಲ್ಲಿ ಒಂದು ನಮ್ಮ ಸೀಮೆಯದೇ. ಬರಿಮೈಯ ಮನುಷ್ಯನೊಬ್ಬ ಈಟಿ ಹಿಡಿದು ನಿಂತಿದ್ದ. ಕೆಳಗೆ ಅವನ ಹೆಸರಿಲ್ಲ, ಜಾತಿಯ ಹೆಸರಿತ್ತು. ಈ ಜನ ಹುಟ್ಟುಗಳ್ಳರು, ಸೋಮಾರಿಗಳು, ದವಡೆ ನೋಡಿಯೇ ಗುರುತಿಸಬಹುದು ಎಂಬ ಅರ್ಥದ ಮಾತಿತ್ತು. ಅದು ಮಾರಣ್ಣನವರ ಜಾತಿ. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆದರೆ ಆಗ ಬರೆದೆ. ಇದ್ದದ್ದನ್ನು ಇದ್ದ ಹಾಗೆ ಇಳಿಸಿದೆನೆಂಬ ನೆಮ್ಮದಿಯಲ್ಲಿ, ದೊಡ್ಡದು ಮಾಡಿಸಿದ ಆ ಚಿತ್ರದ ಕೆಳಗೆ ಅಂಟಿಸಿಯೂಬಿಟ್ಟೆ.

ಹೊಸ ರಟ್ಟು ಕಟ್ಟಿದ ಪುಸ್ತಕ ತಂದ ದಿನ ಅವರಿನ್ನೂ ಮೆಟ್ಟಿಲು ಹತ್ತುತ್ತಿದ್ದರು. ನಮ್ಮ ಗುಮಾಸ್ತರು ಕಿಟಕಿಯಿಂದ ನೋಡಿ, ದನಿ ತಗ್ಗಿಸದೆಯೇ, “ಹಾಳೆ ಎಣಿಸ್ಕಳ್ರಿ ಮೇಡಂ. ಆ ಈಟಿ ಹಿಡಿದೋನ ಕಡೇರು, ಹುಷಾರಾಗಿರ್ಬೇಕು,” ಎಂದರು. ಹತ್ತು ವರ್ಷದಲ್ಲಿ ಒಮ್ಮೆಯೂ ಎಣಿಸಿದವಳಲ್ಲ ನಾನು. ಅವತ್ತು ಎಣಿಸಿದೆ. ಅವರು ಎದುರಿಗೇ ನಿಂತಿದ್ದರು.

ಮೂವತ್ತೊಂದು. ಮತ್ತೆ ಎಣಿಸಿದೆ. ಮೂವತ್ತೊಂದೇ. ಇಲ್ಲದ್ದು ಯಾವುದೆಂದು ನೋಡಿದರೆ, ಅದೇ ಈಟಿ ಹಿಡಿದವನ ಹಾಳೆ.

“ಮಾರಣ್ಣ, ಒಂದು ಕಮ್ಮಿ ಇದೆಯಲ್ಲ?” ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಅವರೇ ಯಾಕೆ ಕಿತ್ತುಕೊಂಡಿರಬಾರದು, ಕೋಪಕ್ಕೆ ಹರಿದು ಹಾಕಿರಬಾರದು ಎಂದು ಮನಸ್ಸು ಆಗಲೇ ಲೆಕ್ಕ ಹಾಕಿಬಿಟ್ಟಿತ್ತು.

ಅವರು ತಮ್ಮ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ದಬ್ಬಳ, ದಾರದುಂಡೆ, ಕತ್ತರಿ, ಭೂತಗನ್ನಡಿ, ಎಲೆಅಡಿಕೆಯ ಡಬ್ಬಿ. ಆಮೇಲೆ ಪುಸ್ತಕ ತೆಗೆದು ಒಂದು ಕಡೆ ಬೆರಳಿಟ್ಟರು. ಹೊಲಿಗೆಯ ಜೊತೆ ಅರ್ಧ ಬೆರಳಗಲದ ಕಾಗದದ ಪಟ್ಟಿಯೊಂದು ಸೇರಿತ್ತು.

“ನೀವು ವಾಪಸ್ ಕೊಟ್ಟಿದ್ದೇ ಮೂವತ್ತೊಂದು. ಅದಕ್ಕೆ ಜಾಗ ಇಟ್ಟೀನಿ ನೋಡ್ರಿ, ಸಿಕ್ಕಿದ್ರೆ ಈ ಪಟ್ಟಿಗೆ ಅಂಟಿಸಬೋದು.”

“ಅವತ್ತೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಾನೇ ಕದ್ದೆ ಅಂತಿದ್ರಿ. ಹೇಳ್ದಿದ್ರೂ ಅಂತೀರಿ. ಅದಕ್ಕೇ ಸುಮ್ನಾದೆ.” ಗೋಡೆಗೆ ಒರಗಿಸಿದ್ದ ದೊಡ್ಡ ಚಿತ್ರವನ್ನು ನೋಡಿದರು. “ಅಷ್ಟು ದೊಡ್ಡದು ಮಾಡಿದ್ರಲ್ಲ, ಯಾವ ಮಿಷನ್ನಾಗೆ? ಅದರ ಮುಚ್ಚಳ ತೆಗೀರಿ.”

ತೆಗೆದೆ. ಕೊನೆಗೆ ಇಟ್ಟಿದ್ದ ಆ ಹಾಳೆ, ಆಮೇಲೆ ಯಾರೂ ತೆರೆಯದ ಸ್ಕ್ಯಾನರಿನ ಗಾಜಿಗೆ ಅಂಟಿಕೊಂಡು ಅಲ್ಲೇ ಇತ್ತು. ಗುಮಾಸ್ತರು ಏನೋ ಕೆಲಸ ನೆನಪಾದವರಂತೆ ಹೊರಗೆ ಹೋದರು. ನನಗೆ ಹೋಗಲು ಜಾಗವಿರಲಿಲ್ಲ.

ಮಾರಣ್ಣನವರು ಚಿತ್ರದ ಕೆಳಗಿನ ಬರಹವನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದರು.

“ಇದರ ಕನ್ನಡ ಯಾರು ಬರ್ದಿದ್ದು?”

“ನಾನೇ. ಇಂಗ್ಲಿಷಿನಲ್ಲಿ ಹಾಗೇ ಇದೆ ಮಾರಣ್ಣ.”

“ಇಂಗ್ಲಿಷ್ನಾಗೆ ಇತ್ತು. ಕನ್ನಡದಾಗೆ ಇರ್ಲಿಲ್ಲ. ಈಗ ಐತೆ.”

ಅವರು ಕುರ್ಚಿ ಎಳೆದು ಕೂತು, ಪುಸ್ತಕದಲ್ಲಿ ಇನ್ನೆರಡು ಚಿತ್ರ ತೆರೆದು, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಒಬ್ಬ ಮಲಬಾರಿನ ಕಾಡಿನವನಂತೆ, ಕ್ರೂರಿ. ಇನ್ನೊಬ್ಬ ಗೋದಾವರಿಯಾಚೆಯ ಬೆಟ್ಟದವನಂತೆ, ಮಗುವಿನಂಥ ದಡ್ಡ. ನಮ್ಮವನು ಕಳ್ಳ. ಹಾಗೆಂದು ಪುಸ್ತಕ ಹೇಳುತ್ತಿತ್ತು.

“ಮುಖ ಬಿಡ್ರಿ. ಈಟಿ ನೋಡ್ರಿ.”

ನೋಡಿದೆ. ಮೂರೂ ಈಟಿಗಳ ಅಲಗಿನ ಎಡಮಗ್ಗುಲಲ್ಲಿ ಒಂದೇ ಥರದ ಮುಕ್ಕು. ಕಾಲ ಕೆಳಗೆ ಅದೇ ಪಟ್ಟೆಪಟ್ಟೆಯ ಚಾಪೆ. ಹಿಂದಿನ ಬಣ್ಣದ ಪರದೆಯಲ್ಲಿ ಅದೇ ತೇಪೆ. ನಮ್ಮವನ ಹಿಮ್ಮಡಿಯ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಕಾಲು ಕಾಣುತ್ತಿತ್ತು. ಅಲ್ಲಾಡದಿರಲೆಂದು ಹಿಂದಿನಿಂದ ತಲೆ ಹಿಡಿದು ನಿಲ್ಲಿಸುವ ಸಾಧನ ಅದು.

“ಹಾಳೆ ಬಿಚ್ಚಿ ಒಣಗಾಕಿದಾಗ ಮೂರೂ ಒಂದರ ಪಕ್ಕ ಒಂದು ಬಂದ್ವು. ಆಗ ಕಂಡಿದ್ದು. ನಮ್ಮ ಮುತ್ತಾತನ ಕಾಲದೋರು ಬಿದಿರು ಸೀಳಿ ಬುಟ್ಟಿ ಹೆಣೀತಿದ್ರು ಮೇಡಂ. ಈಟಿ ಯಾರ್ ಕೊಟ್ರು? ಕೈಗೆ ಈಟಿ ಕೊಟ್ಟು, ತಲೆ ಹಿಡ್ಕಂಡು ನಿಲ್ಸಿ, ಆಮೇಲೆ ನೋಡ್ರಪ್ಪ ಎಂಥೋನು ಅಂತ ಆ ಸಾಹೇಬ ಬರ್ಕಂಡಾನೆ.”

ಪ್ರಿನ್ಸಿಪಾಲರು ಮೊದಲು ಒಪ್ಪಲಿಲ್ಲ. ಇತಿಹಾಸ ಅಂದಮೇಲೆ ಇದ್ದದ್ದನ್ನು ಮುಚ್ಚಿಡಬಾರದು ಎಂದರು. “ಮುಚ್ಚಿಡುವುದು ಬೇಡ ಸರ್, ಈಟಿಯನ್ನೂ ತೋರಿಸೋಣ,” ಎಂದೆ. ಕೊನೆಗೆ ಮೂರು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ತೂಗುಹಾಕಿದೆವು. ನನ್ನ ಬರಹ ಕಿತ್ತು ಹಾಕಿ, ಮಾರಣ್ಣನವರು ಹೇಳಿದ್ದನ್ನು ಬರೆದೆ: ‘ಈ ಮೂವರು ಹಿಡಿದಿರುವುದು ಒಂದೇ ಈಟಿ. ಅದು ಫೋಟೊ ತೆಗೆದವನದು. ಇವರ ಹೆಸರು ಯಾರೂ ಕೇಳಿಲ್ಲ.’ ಹುಡುಗರು ಭೂತಗನ್ನಡಿಗೆ ಸಾಲು ನಿಂತರು. ಪ್ರದರ್ಶನದ ನಾಲ್ಕೂ ದಿನ ಮಾರಣ್ಣನವರು ಬೆಳಿಗ್ಗೆ ಬಂದು, ಬಾಗಿಲಲ್ಲೇ ನಿಂತು ಆ ಬರಹ ಓದಿ ಹೋಗುತ್ತಿದ್ದರು. ಚೆನ್ನಾಗಿದೆಯೆಂದಲ್ಲ. ನಾನು ಬದಲಾಯಿಸಿಬಿಟ್ಟೆನೋ ಎಂದು ನೋಡಲು.

ಹೋದ ವರ್ಷ ಅವರಿಗೆ ಎದೆನೋವು ಬಂದು ಕೋಣೆ ಖಾಲಿ ಮಾಡಿ ಬಾಗೂರಿಗೆ ಹೋದರು. ಮೋಸಂಬಿ ತೆಗೆದುಕೊಂಡು ನೋಡಲು ಹೋದೆ. ಹೊರಗೆ ಮಂಚದ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. “ಕುಂತ್ಕಳ್ರಿ,” ಎಂದು ಪಕ್ಕಕ್ಕೆ ಸರಿದರು. ಕಾಲೇಜಿನ ಸುದ್ದಿ ಕೇಳಿದರು. ಎಷ್ಟೋ ದಿನದಿಂದ ಹೇಳಬೇಕೆಂದುಕೊಂಡಿದ್ದನ್ನು ನಾನು ಹೇಳಿದೆ: “ಮಾರಣ್ಣ, ಅವತ್ತು ಗುಮಾಸ್ತರು ಹಾಗೆ ಅನ್ನಬಾರದಿತ್ತು.”

ಅವರು ಒಂದು ಮೋಸಂಬಿ ಎತ್ತಿ, ಮೂಸಿ ನೋಡಿ ಕೆಳಗಿಟ್ಟರು.

“ಅವ್ರು ಬಿಡ್ರಿ, ಬಾಯಲ್ಲಿ ಅಂದ್ರು. ಎಣಿಸಿದ್ದು ನೀವು.”

ತಪ್ಪಾಯಿತು ಎಂದೆ. ಅವರು ಮಗಳನ್ನು ಕೂಗಿ, “ಮೇಡಂ ಬಂದಾರೆ, ರೊಟ್ಟಿ ಹಾಕು,” ಎಂದರು. ಉಂಡು ಬಂದೆ. ಹದಿನೈದು ದಿನಕ್ಕೆ ಆ ಮಗಳೇ ಫೋನ್ ಮಾಡಿ, ಅಪ್ಪ ಹೋದರು ಎಂದಳು.