ಮುತ್ತಜ್ಜನ ಇನ್ನೊಂದು ಹೆಸರು

“ಮಾವನವರ ಹೆಸರು ಸೊಸೆ ಬಾಯಲ್ಲಿ ಬರಬಾರ್ದು ಕಣೇ!” ಎಂದು ಅಜ್ಜಿ ಕೆನ್ನೆ ಬಡಿದುಕೊಂಡರು. ದೇವರಾಜ ಮೊಹಲ್ಲಾದ ನಮ್ಮ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ವಂಶವೃಕ್ಷ ತುಂಬಿಸುತ್ತಾ ಅವರ ಮಾವನ ಹೆಸರು ಕೇಳಿದ್ದೆ. ಗೋಡೆಯ ಪಟದಲ್ಲಿ ಜರಿ ಪೇಟ ತೊಟ್ಟು ಗುರಾಯಿಸುತ್ತಿದ್ದ ಮುತ್ತಜ್ಜನ ಹೆಸರನ್ನು ಕೊನೆಗೆ ನಾನೇ ಬರೆದೆ. ಅದರ ಕೆಳಗೆ ‘ಮನೆಯಲ್ಲಿ ಕರೆಯುವ ಹೆಸರು’ ಎಂಬ ಖಾನೆಯಿತ್ತು. ಇವರಿಗೆ ಅಂಥದ್ದೊಂದು ಇಡುವ ಧೈರ್ಯ ಯಾರಿಗಿತ್ತು ಎಂದುಕೊಂಡು ಅದನ್ನು ಖಾಲಿ ಬಿಡುವಷ್ಟರಲ್ಲಿ ಅಜ್ಜಿ ನನ್ನ ಕೈ ಹಿಡಿದರು. ಪಟದತ್ತ ಒಮ್ಮೆ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿದರು: “ಗುಡುಗಪ್ಪ ಅಂತ ಬರ್ಕೋ. ನಾವು ಮೂರು ಜನ ಸೊಸೆಯರು ಅಡುಗೆಮನೇಲಿ ಹಂಗೇ ಅಂತಿದ್ವಿ.”

ಬರೆದುಕೊಂಡೆ. ಈಗ ಆ ಪಟದ ಮುಂದೆ ಹಾದುಹೋದರೆ ಸಾಕು, ಅಡುಗೆಮನೆಯಲ್ಲಿ ಮೂವರು ಎಳೆಯ ಸೊಸೆಯರು ಬಾಯಿ ಮುಚ್ಚಿಕೊಂಡು ನಗುವುದು ನನಗೆ ಕೇಳಿಸುತ್ತದೆ.