ಉಡಿದಾರ

ಸಿಡ್ನಿ ಹತ್ತಿರದ ಆ ಬೀಚ್ ರೆಸಾರ್ಟಿನಲ್ಲಿ ಯಾರೂ ಬಟ್ಟೆ ಹಾಕುವುದಿಲ್ಲ. ತಪ್ಪು ತಿಳಿಯಬೇಡಿ, ಅಲ್ಲಿ ಅದೇ ಪದ್ಧತಿ. ಹೋದ ವರ್ಷ ಧಾರವಾಡದ ಅಂಕಲ್ ಒಬ್ಬರು ನನ್ನ ಉಡಿದಾರ ನೋಡಿಯೇ, "ನಮ್ಮಾಂವನ ಇದ್ದಿ ಬಿಡು," ಎಂದು ನಕ್ಕಿದ್ದರು.

ಈ ಬೇಸಿಗೆಗೆ ಮತ್ತೆ ಹೋದೆ. ಹೆಂಡತಿ ತೀರಿಕೊಂಡ ಮೇಲೆ ಮೆಲ್ಬರ್ನಿನಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಏನೂ ಗೊತ್ತಿಲ್ಲದವರ ನಡುವೆ ಸುಮ್ಮನೆ ಮಲಗಬೇಕಿತ್ತು.

ಅಂಕಲ್ ಅಲ್ಲೇ ಇದ್ದರು. "ಈ ಸಲಾನೂ ಹೇಂತಿಗೆ ಸುಳ್ಳು ಹೇಳಿ ಬಂದಿ ಏನು?" ಎಂದವರು ನನ್ನ ಬರಿ ಸೊಂಟ ನೋಡಿ ನಗು ನಿಲ್ಲಿಸಿದರು. ನಮ್ಮ ಕಡೆ ಹೆಂಡತಿ ಸತ್ತರೆ ಗಂಡನ ಉಡಿದಾರ ಹರಿಯುತ್ತಾರೆ, ಅದಕ್ಕೆ.

"ಯಾವಾಗಪಾ?"

"ದೀಪಾವಳಿ ಮುಂದ."

ಅವರು ತಮ್ಮ ಟವೆಲ್ಲನ್ನು ನನ್ನ ಸೊಂಟಕ್ಕೆ ಸುತ್ತಿದರು. ಇಡೀ ಬೀಚಿನಲ್ಲಿ ಮೈಮೇಲೆ ಬಟ್ಟೆಯಿದ್ದವನು ನಾನೊಬ್ಬನೇ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.